ಕಾಯಕದ ಅಳತೆಯೂ ಒಡೆಯನ ಕಾವಲೂ

ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಅದನ್ನು ತಂದಲ್ಲಿಯೇ ಸುರಿದು ಬರಲು ಕಳುಹಿದಳೆಂಬ ಕಥೆಯನ್ನು ಸದ್ಭಕ್ತರೆಲ್ಲರೂ ಬಲ್ಲರು. ಕಲ್ಯಾಣದಲ್ಲಿ ಮಾರಯ್ಯನ ಬೆನ್ನ ಹಿಂದೆ ಮೇಲ್ವಿಚಾರಕನು ನಿಂತಿರಲಿಲ್ಲ. ಅವನ ಕಾಯಕಕ್ಕೆ ಒಂದು ಅಳತೆಯಿತ್ತು, ಅದನ್ನರಿತವಳು ಮನೆಯಲ್ಲಿದ್ದಳು. ಅಂತಹ ಅಳತೆಯು ಕೈಗೆ ಸಿಕ್ಕದಿದ್ದಾಗಲೇ ಒಡೆಯನು ಕಾವಲನ್ನು ಹುಡುಕುವನು.

ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಎಷ್ಟೋ ಮನೆಗಳ ಮಕ್ಕಳು ಬೆಂಗಳೂರು, ಹೈದರಾಬಾದುಗಳಲ್ಲಿ ಕಂಪ್ಯೂಟರಿನ ಉದ್ಯೋಗದಲ್ಲಿರುವರು. 2020ರ ಮಾರ್ಚ್ ತಿಂಗಳಲ್ಲಿ ಕೊರೊನಾ ಮಾರಿಯ ದೆಸೆಯಿಂದ ದೇಶವೇ ಬಾಗಿಲು ಮುಚ್ಚಿದಾಗ ಅವರಲ್ಲಿ ಹಲವರು ಊರಿಗೆ ಮರಳಿ, ತಾಯಿತಂದೆಗಳ ಸನಿಹದಲ್ಲಿಯೇ ಕುಳಿತು ಅದೇ ಕೆಲಸವನ್ನು ನಡೆಸಿದರು. ಸಂಸ್ಥೆಗಳ ವ್ಯವಹಾರವು ನಿಲ್ಲಲಿಲ್ಲ. ಆದರೂ 2023ರ ಅಕ್ಟೋಬರಿನಿಂದ ಟಿ.ಸಿ.ಎಸ್. ಸಂಸ್ಥೆಯು ವಾರಕ್ಕೆ 5 ದಿನ ಕಚೇರಿಗೆ ಬರಬೇಕೆಂದು ವಿಧಿಸಿತು. 2025ರ ಮಾರ್ಚ್‌ನಿಂದ ಇನ್ಫೋಸಿಸ್ ಸಂಸ್ಥೆಯು ತಿಂಗಳಿಗೆ 10 ದಿನಗಳ ಹಾಜರಿಯನ್ನು ಬಿಗಿಗೊಳಿಸಿತು. ಮುಪ್ಪಿನ ತಾಯಿಯನ್ನು ಊರಲ್ಲಿ ಬಿಟ್ಟು ಮತ್ತೆ ಪೆಟ್ಟಿಗೆ ಕಟ್ಟಬೇಕಾದ ಮಗನಿಗೆ, ಕೆಲಸ ಕೆಡದಿರುವಾಗ ಈ ಹಟವೇಕೆಂದು ತೋರುವುದು ಸಹಜವೇ.

ವಾಡಿಯ ಸಿಮೆಂಟು ಕಾರ್ಖಾನೆಯ ಮಾತು ಬೇರೆ. ಸುಮಾರು 1450 ಡಿಗ್ರಿ ಶಾಖದಲ್ಲಿ ಸುಣ್ಣಕಲ್ಲು ಬೇಯುವ ಭಟ್ಟಿಯು ಹಗಲಿರುಳು ಉರಿಯುವುದರಿಂದ ಪಾಳಿಯವನು ಅಲ್ಲಿ ಇರಲೇಬೇಕು. ಶಹಾಬಾದದ ಗಣಿಯಲ್ಲಿ ಫರಸಿ ಕಲ್ಲನ್ನು ಎಬ್ಬಿಸುವವನೂ ಗಣಿಯನ್ನು ಬಿಡಲಾರನು. ಆದರೆ ಅವನ ದುಡಿಮೆಯನ್ನು ಸಂಜೆಗೆ ಚದರಡಿಯಲ್ಲಿ ಅಳೆಯಬಹುದು. ಕಂಪ್ಯೂಟರಿನ ಕೆಲಸಕ್ಕೆ ಭಟ್ಟಿಯ ಕಟ್ಟೂ ಇಲ್ಲ, ಕಲ್ಲಿನ ಅಳತೆಯೂ ಇಲ್ಲ. ಒಂದು ದೋಷವನ್ನು ಹುಡುಕಲು ಒಬ್ಬನಿಗೆ ಒಂದು ತಾಸು, ಇನ್ನೊಬ್ಬನಿಗೆ ಮೂರು ದಿನ ಹಿಡಿದೀತು. ಇದನ್ನು ಅಳೆಯಲರಿಯದ ಅಧಿಕಾರಿಯು ಕುರ್ಚಿ ತುಂಬಿರುವುದನ್ನೇ ಕೆಲಸವೆಂದು ಎಣಿಸುವನು. 2022ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಹಲವು ದೇಶಗಳಲ್ಲಿ ವಿಚಾರಿಸಿದಾಗ, ನೌಕರರಲ್ಲಿ ಶೇಕಡ 87 ಮಂದಿ ತಾವು ಚೆನ್ನಾಗಿ ದುಡಿಯುತ್ತಿರುವುದಾಗಿ ಹೇಳಿದರು. ಮುಖ್ಯಸ್ಥರಲ್ಲಿ ಶೇಕಡ 85 ಮಂದಿಗೆ, ಕೆಲವು ದಿನ ಮನೆಯಿಂದ ನಡೆಯುವ ಕೆಲಸದಲ್ಲಿ ಆ ಭರವಸೆ ಮೂಡುವುದು ಕಷ್ಟವಾಗಿತ್ತು.

ಒಡೆಯನದೆಲ್ಲವೂ ಬರಿಯ ಸಂಶಯವೆನ್ನಲಾಗದು. ಹೊಸದಾಗಿ ಸೇರಿದವನು ಬಲ್ಲವರ ಮಗ್ಗುಲಲ್ಲಿ ಕುಳಿತು ಕಲಿಯುವಷ್ಟು ದೂರದಿಂದ ಕಲಿಯಲಾರನು. ವಂಚಕರೂ ಉಂಟು: ಕೀಲಿಮಣೆ ಒತ್ತುತ್ತಿರುವಂತೆ ಸುಳ್ಳು ತೋರಿಸಿದ ಹನ್ನೆರಡಕ್ಕೂ ಹೆಚ್ಚು ನೌಕರರನ್ನು ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು 2024ರಲ್ಲಿ ತೆಗೆದುಹಾಕಿತು. ಆದರೆ ಕೀಲಿಮಣೆಯ ಸಪ್ಪಳವನ್ನೇ ದುಡಿಮೆಯೆಂದು ಎಣಿಸಿದಲ್ಲಿ ಇಂತಹ ಕಪಟಕ್ಕೆ ಎಡೆಯಾಗುವುದೇನೂ ಆಶ್ಚರ್ಯವಲ್ಲ.

ಚೀನದ ಟ್ರಿಪ್.ಕಾಮ್ ಸಂಸ್ಥೆಯಲ್ಲಿ 1,612 ಮಂದಿಯ ಮೇಲೆ 6 ತಿಂಗಳು ನಡೆದ ಪ್ರಯೋಗವೊಂದರ ಫಲವು 2024ರಲ್ಲಿ ಪ್ರಕಟವಾಯಿತು. ವಾರಕ್ಕೆ 2 ದಿನ ಮನೆಯಿಂದ ದುಡಿದವರ ಕೆಲಸವು ತಗ್ಗಲಿಲ್ಲ. ನೌಕರಿ ಬಿಡುವವರು ಮೂರರಲ್ಲೊಂದು ಪಾಲು ಕಡಮೆಯಾದರು. ಮೊದಲು ಇದರಿಂದ ಶೇಕಡ 2.6ರಷ್ಟು ನಷ್ಟವಾಗುವುದೆಂದು ಎಣಿಸಿದ್ದ ಮೇಲಧಿಕಾರಿಗಳು, ಕಡೆಗೆ ಶೇಕಡ 1ರಷ್ಟು ಲಾಭವೇ ಆಯಿತೆಂದು ಹೇಳಿದರು.