ಖಂಡಿತ ಎನ್ನುವ ಮೊದಲು



ಶಿವಮೊಗ್ಗದ ಪೇಟೆಗೆ ಬೀಜ ತರಲು ಹೋದಾಗ "ಡೆಫಿನೆಟ್ಲಿ ಮೊಳೆಯುತ್ತದೆ" ಎಂಬ ಮಾತನ್ನು ನೀವು ಕೇಳಿರಬಹುದು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಡೆ ಇಂತಹ ಇಂಗ್ಲಿಷ್ ಪದಗಳು ಮನೆಮಾತೇ ಆಗಿವೆ. ಈ ಪದವನ್ನೂ ಇದರ ನೆಂಟರನ್ನೂ ಇಂದು ಪರಿಚಯ ಮಾಡಿಕೊಳ್ಳೋಣ.

'ಡೆಫಿನೆಟ್ಲಿ' ಪದದ ಬೇರು ಲ್ಯಾಟಿನ್ ಭಾಷೆಯ 'ಫಿನಿಸ್', ಎಂದರೆ ಎಲ್ಲೆ. ಹೊಲಕ್ಕೆ ಬದು ಹಾಕಿದಂತೆ ಮಾತಿಗೂ ಗಡಿ ಹಾಕಿದೆ ಎಂದು ತಿಳಿಯಿರಿ. 'ಸರ್ಟನ್ಲಿ' ಎಂದರೆ ಸಂಶಯವಿಲ್ಲದೆ. 'ಶೂರ್ಲಿ' ಸ್ವಲ್ಪ ಮೆದು, "ಬರುತ್ತೀರಲ್ಲವೇ?" ಎನ್ನುವಾಗಿನ ನಿರೀಕ್ಷೆ ಅದರಲ್ಲಿದೆ. 'ಪ್ರಾಬಬ್ಲಿ' ಈ ಗುಂಪಿಗೆ ಸೇರದು. ಅದು ನಮ್ಮ 'ಬಹುಶಃ'.

ನಮ್ಮಲ್ಲೂ ಮೂರು ಪದಗಳಿವೆ. 'ಖಂಡಿತ' ಎಂದರೆ ಮೂಲದಲ್ಲಿ ಕತ್ತರಿಸಿದ್ದು. ಮಾತು ಅಲ್ಲಿಗೆ ಮುಗಿಯಿತು. 'ಖಚಿತ' ಎಂದರೆ ಒಡವೆಯಲ್ಲಿ ಹರಳು ಕೂರಿಸಿದಂತೆ ಅಲುಗದ್ದು. 'ಖಾತ್ರಿ'ಯಲ್ಲಿ ಹೊಣೆ ಇದೆ. "ಖಂಡಿತ ಕೊಡು" ಎಂಬುದೇ ಬೇರೆ, "ಖಾತ್ರಿ ಕೊಡು" ಎಂಬುದೇ ಬೇರೆ.

ಈ ಭೇದವನ್ನು ನಾನು ಕಲಿತದ್ದು ಇನ್ನೊಬ್ಬರ ನಷ್ಟದಿಂದ. ಭದ್ರಾ ನಾಲೆಯ ಬಯಲಿನ ರೈತರೊಬ್ಬರು ಮನೆಯಲ್ಲಿಟ್ಟಿದ್ದ ಬೀಜದ ಭತ್ತವನ್ನು ನನಗೆ ತೋರಿಸಿದರು. ಕಾಳು ಹೊಳೆಯುತ್ತಿತ್ತು. "ಖಂಡಿತ ಮೊಳೆಯುತ್ತದೆ" ಎಂದುಬಿಟ್ಟೆ. ಸಸಿಮಡಿಯಲ್ಲಿ ಅರ್ಧವೂ ಏಳಲಿಲ್ಲ. ಬೇರೆ ಬೀಜಕ್ಕಾಗಿ ಅವರು ಸಾಲ ಮಾಡಬೇಕಾಯಿತು. ಅವರು ಬಯ್ಯಲಿಲ್ಲ. ಆದರೆ ಈಗ ನಾನು ಏನು ಹೇಳಿದರೂ "ಖಂಡಿತವೋ, ಬಹುಶಃವೋ?" ಎಂದು ಕೇಳುತ್ತಾರೆ.

ಅಂದು ಮಾಡಬೇಕಾಗಿದ್ದ ಕೆಲಸ ಬಹು ಸುಲಭ. 100 ಕಾಳು ಎಣಿಸಿ, ಒದ್ದೆ ಗೋಣಿಬಟ್ಟೆಯಲ್ಲಿ ಸಾಲಾಗಿ ಹರಡಿ, ಸುರುಳಿ ಸುತ್ತಿ ನೆರಳಿನಲ್ಲಿಡಿರಿ. ತೇವ ಆರಲು ಬಿಡಬೇಡಿರಿ. ಎಂಟು ಹತ್ತು ದಿನಗಳ ಮೇಲೆ ಮೊಳೆತ ಕಾಳನ್ನು ಎಣಿಸಿರಿ. ಪ್ರಮಾಣಿತ ಭತ್ತದ ಬೀಜದಲ್ಲಿ ನೂರಕ್ಕೆ ಕನಿಷ್ಠ 80 ಮೊಳೆಯಬೇಕೆಂಬುದು ನಿಯಮ. ಅಂತಹ ಚೀಲಕ್ಕೆ ನೀಲಿ ಚೀಟಿ ಇರುತ್ತದೆ. ಅದರ ಮೇಲಿನ ಪರೀಕ್ಷೆಯ ದಿನಾಂಕವನ್ನೂ ಅವಧಿಯನ್ನೂ ಓದಿರಿ. ಆ ಚೀಟಿಯ 'ಸರ್ಟಿಫೈಡ್' ಎಂಬ ಪದ 'ಸರ್ಟನ್ಲಿ'ಯ ಒಡಹುಟ್ಟು. ಆದರೂ ನೂರಕ್ಕೆ ನೂರು ಎಂದು ಅದು ಹೇಳುವುದಿಲ್ಲ. ಅದರ ಮಾತಿಗೂ ಒಂದು ಬದು ಇದೆ.

ಮನೆಯಲ್ಲಿ ಮಕ್ಕಳೊಡನೆ ಅಭ್ಯಾಸ ಮಾಡಿರಿ: ನಾಳೆ ಮಳೆ ಬರುತ್ತದೆ, ಇದಕ್ಕೆ 'ಬಹುಶಃ'. ನೂರರಲ್ಲಿ 90 ಮೊಳೆತಿವೆ, ಇದಕ್ಕೆ 'ಖಚಿತ'. ಕೊಂಡ ಬೀಜಕ್ಕೆ ರಸೀದಿ ಇದೆ, ಇದು 'ಖಾತ್ರಿ'.

ಇನ್ನು ಮುಂದೆ ಯಾರಾದರೂ "ಡೆಫಿನೆಟ್ಲಿ" ಎಂದರೆ, ನಾನೇ ಎಂದರೂ ಸರಿ, "ಎಣಿಸಿ ನೋಡಿದ್ದೀರಾ?" ಎಂದು ಕೇಳಿರಿ.