ಹಳೆಯ ಮರದ ಕಾಯಕ

ಶರಣರ ಮತದಲ್ಲಿ ಕಾಯಕಕ್ಕೆ ಮೇಲುಕೀಳೆಂಬುದಿಲ್ಲ. ಅದರ ಶುದ್ಧಿಯೊಂದೇ ಪ್ರಮಾಣ. 12ನೆಯ ಶತಮಾನದ ಅಂಬಿಗರ ಚೌಡಯ್ಯನೂ ಮಡಿವಾಳ ಮಾಚಯ್ಯನೂ ತಮ್ಮ ವೃತ್ತಿಯ ಹೆಸರಿನಿಂದಲೇ ಪೂಜ್ಯರಾದರು. ಹಳೆಯ ಕುರ್ಚಿ, ಮೇಜು, ಬೀರುಗಳನ್ನು ಕೊಂಡು, ದುರಸ್ತಿಮಾಡಿ ಮಾರುವವನ ಕಾಯಕವನ್ನೂ ಇದೇ ಒರೆಗಲ್ಲಿನಲ್ಲಿ ಪರೀಕ್ಷಿಸಬೇಕು.

ಅವನ ದಿನವು ಮರವನ್ನು ಅರಿಯುವುದರಿಂದ ಆರಂಭವಾಗುತ್ತದೆ. ತೇಗವೋ ಬೀಟೆಯೋ, ಇಡಿಯ ಹಲಗೆಯೋ ಅಗ್ಗದ ಮರದ ಮೇಲೆ ಅಂಟಿಸಿದ ತೆಳುಪದರವೋ ಎಂಬುದನ್ನು ಅಂಚನ್ನೂ ಒಳಬದಿಯನ್ನೂ ನೋಡಿ ತಿಳಿಯುತ್ತಾನೆ. ಸಣ್ಣ ರಂಧ್ರಗಳಿಂದ ಹೊಸ ಪುಡಿ ಉದುರುತ್ತಿದ್ದರೆ ಒಳಗೆ ಕೊರೆಹುಳು ಇನ್ನೂ ಬದುಕಿದೆಯೆಂದು ಶಂಕಿಸಬೇಕು. ಹಿಂದಿನವರು ಪ್ರಾಣಿಗಳ ಚರ್ಮದ ಅಂಟಿನಿಂದ ಬೆಸೆದ ಕೀಲುಗಳು ಬಿಸಿಗೂ ತೇವಕ್ಕೂ ಸಡಿಲುವುದರಿಂದ, ಮರ ಸೀಳದಂತೆ ಬಿಚ್ಚಿ ಮತ್ತೆ ಕೂಡಿಸಬಹುದು. ಅನಂತರ ಮರದ ಎಳೆಯ ಗುಂಟ ಉಜ್ಜಿ, ಮದ್ಯಸಾರದಲ್ಲಿ ಕರಗಿಸಿದ ಅರಗನ್ನು ಬಟ್ಟೆಯ ಉಂಡೆಯಿಂದ ತೆಳುವಾಗಿ ಹಲವು ಸಲ ಸವರುತ್ತಾನೆ. ಹೊಸ ಲೇಪವು ಹಳೆಯದನ್ನು ಕೊಂಚ ಕರಗಿಸಿ ಅದರೊಡನೆ ಒಂದಾಗುತ್ತದೆ.

ಪರೀಕ್ಷೆಯು ಇಲ್ಲಿಯೇ ಎದುರಾಗುತ್ತದೆ. ಹುಳು ತಿಂದ ರಂಧ್ರವನ್ನು ಮೇಣದಿಂದ ಮುಚ್ಚಿ, ಮೇಲೆ ಅದೇ ಅರಗನ್ನು ಸವರಿದರೆ ಕೊಳ್ಳುವವನಿಗೆ ಏನೂ ಕಾಣದು. ಬೆಲೆ ಹೆಚ್ಚಾಗಿ ಬರುತ್ತದೆ. ಆದರೆ ಮುಂದೆ ಆ ಮನೆಯ ಬೇರೆ ಮರಕ್ಕೂ ಹುಳು ಹರಡಬಹುದು. ಅಂಥ ಹಣದಿಂದ ಮಾಡಿದ ದಾಸೋಹವು ಲಿಂಗಕ್ಕೆ ಸಲ್ಲದು. ‘ಈ ಕಾಲು ಹೊಸದು, ಈ ಹಲಗೆ ಪದರದ್ದು’ ಎಂದು ಹೇಳಿ, ಅದಕ್ಕೆ ತಕ್ಕ ಬೆಲೆಯನ್ನಷ್ಟೇ ಪಡೆಯುವವನದು ಸತ್ಯಶುದ್ಧ ಕಾಯಕ.

ಗೃಹಸ್ಥರಾದ ಭಕ್ತರು ಮನೆಯ ಹಳೆಯ ಮಂಚವೊಂದನ್ನು ಮಾರುವಾಗಲೂ ಇದನ್ನು ನೆನೆಯಬೇಕು: ತಾವು ಬಲ್ಲ ದೋಷವನ್ನು ಕೊಳ್ಳುವವನಿಗೂ ತಿಳಿಸತಕ್ಕದ್ದು.