ರೆಕ್ಕೆಯ ಗುರುತು ಓದೋಣ

ಪ ಅಕ್ಷರದ ಹೊಟ್ಟೆಯಲ್ಲಿ ಒಂದು ಗೀಟು ಹಾಕಿರಿ. ಅದು ಷ ಆಗುತ್ತದೆ. ಒಂದೇ ಗೀಟಿನಿಂದ ಅಕ್ಷರ ಬದಲಾಯಿತು. ಹುಳುಗಳನ್ನೂ ಹೀಗೆಯೇ ಗುರುತು ನೋಡಿ ತಿಳಿಯಬೇಕು.

ರಾತ್ರಿ ದೀಪದ ಸುತ್ತ ಹಾರುವ ಹುಳು ಪತಂಗ. ಎಲ್ಲ ಪತಂಗಗಳಿಂದ ಬೆಳೆಗೆ ಕೇಡಿಲ್ಲ. ಆದರೆ 2018ರಲ್ಲಿ ಒಂದು ಹೊಸ ಪತಂಗ ನಮ್ಮ ದೇಶದಲ್ಲಿ ಕಾಣಿಸಿತು. ಅದರ ಮೂಲ ಅಮೆರಿಕ. ಮೊದಲು ಕರ್ನಾಟಕದಲ್ಲಿ ಕಂಡಿತು. ಅದೇ ವರ್ಷ ಸೊಲ್ಲಾಪುರ ಜಿಲ್ಲೆಯ ಗೋವಿನಜೋಳಕ್ಕೂ ಬಂತು. ಇದರ ಮರಿಗೆ ಸೈನಿಕ ಹುಳು ಎನ್ನುತ್ತಾರೆ. ಮರಾಠಿಯಲ್ಲಿ ಲಷ್ಕರಿ ಅಳಿ.

ಈ ಮಾತುಕತೆ ಓದಿರಿ.

ತಂಗಿ: ಯಕ್ಕಾ, ಲೈಟಿನ ಬುಡಕ್ಕ ಬೂದಿ ಬಣ್ಣದ ಹುಳ ಬಿದ್ದೈತಿ. ಇದು ಯಾವ್ದು?

ಅಕ್ಕ: ರೆಕ್ಕಿ ತುದ್ಯಾಗ ಏನೈತಿ ನೋಡು.

ತಂಗಿ: ಬಿಳಿ ಮಚ್ಚಿ ಐತಿ. ರೆಕ್ಕಿ ನಡುವ ಮೊಟ್ಟಿ ಆಕಾರದ ತಿಳಿ ಚುಕ್ಕಿ ಐತಿ.

ಅಕ್ಕ: ಹಂಗಾರ ಲಷ್ಕರಿ ಅಳಿದು ಗಂಡು ಇರಬಹುದು. ಹೆಣ್ಣಿಗೆ ಈ ಮಚ್ಚಿ ಇರಂಗಿಲ್ಲ.

ತಂಗಿ: ಮತ್ತ ಹೆಣ್ಣು ಗುರುತು ಸಿಗೂದು ಹೆಂಗ?

ಅಕ್ಕ: ಅದಕ್ಕ ಹೊಲಕ್ಕ ಹೋಗಿ ಮರಿ ನೋಡಬೇಕು.

ಅಕ್ಕ ಹೇಳಿದ್ದು ಸರಿ. ಒಂದೇ ಗುರುತು ನಂಬಬಾರದು. ತಂಬಾಕಿನ ಎಲೆ ತಿನ್ನುವ ಹುಳುವಿನ ಪತಂಗವೂ ಇದೇ ಜಾತಿಗೆ ಹತ್ತಿರದ್ದು. ಆದರೆ ಅದರ ರೆಕ್ಕೆಯ ಮೇಲೆ ಅಡ್ಡಾದಿಡ್ಡಿ ಬಿಳಿ ಗೆರೆಗಳು ಇರುತ್ತವೆ.

ಪತಂಗ ಎಲೆ ತಿನ್ನುವುದಿಲ್ಲ. ತಿನ್ನುವುದು ಮರಿ. ಅದು ಬೆಳೆಯ ಸುಳಿಯೊಳಗೆ ಅಡಗಿರುತ್ತದೆ. ಬೆಳಿಗ್ಗೆ ಸುಳಿ ಬಿಡಿಸಿ ನೋಡಿರಿ.

1. ತಲೆಯ ಮೇಲೆ ಬಿಳಿ ಗೆರೆ ಇದೆಯೇ? ಕವಲು ಕೋಲನ್ನು ತಲೆಕೆಳಗಾಗಿ ಇಟ್ಟಂತೆ ಕಾಣುತ್ತದೆ.
2. ಬಾಲದ ಹತ್ತಿರ ನಾಲ್ಕು ಕಪ್ಪು ಚುಕ್ಕೆ ಇವೆಯೇ? ರಂಗೋಲಿಯ ಚುಕ್ಕೆಯಂತೆ ಚೌಕವಾಗಿ ಇರುತ್ತವೆ.
3. ಸುಳಿಯಲ್ಲಿ ಮರದ ಹೊಟ್ಟಿನಂಥ ಹಿಕ್ಕೆ ಇದೆಯೇ? ಎಲೆಯಲ್ಲಿ ತೂತು ಬಿದ್ದಿವೆಯೇ?

ಮೂರೂ ಇದ್ದರೆ ಅದು ಸೈನಿಕ ಹುಳುವೇ. ಎಲೆಯ ಮೇಲೆ ಮೊಟ್ಟೆಗಳು ಗುಂಪಾಗಿ ಇರುತ್ತವೆ. ಒಂದು ಗುಂಪಿನಲ್ಲಿ ನೂರಕ್ಕೂ ಹೆಚ್ಚು ಇರಬಹುದು. ಮೇಲೆ ನವಿರಾದ ರೋಮ ಅಂಟಿರುತ್ತದೆ. ಅದನ್ನು ಕೈಯಿಂದ ತೆಗೆದು ಹೊಸಕಿರಿ. ಎರಡು ಮೂರು ದಿನದಲ್ಲಿ ಮರಿ ಹೊರಬರುತ್ತವೆ. ತಡ ಮಾಡಬೇಡಿರಿ.

ಹುಳು ಯಾವುದೆಂದು ತಿಳಿಯದೆ ಔಷಧ ಹೊಡೆಯಬೇಡಿರಿ. ದುಡ್ಡೂ ಹೋಗುತ್ತದೆ, ಬೆಳೆಯೂ ಉಳಿಯುವುದಿಲ್ಲ. ಮರಿಯನ್ನು ಸೀಸೆಯಲ್ಲಿ ಹಾಕಿ ಕೃಷಿ ಇಲಾಖೆಯವರಿಗೆ ತೋರಿಸಿರಿ. ಕಿಸಾನ್ ಕಾಲ್ ಸೆಂಟರಿಗೂ ಫೋನ್ ಮಾಡಬಹುದು. ನಂಬರ್ 1800-180-1551. ದುಡ್ಡು ಬೀಳುವುದಿಲ್ಲ.

ಹೊಸ ಪದಗಳು: ಪತಂಗ, ಸುಳಿ, ಮಚ್ಚೆ, ಹಿಕ್ಕೆ, ಕವಲು

ಉತ್ತರ ಬರೆಯಿರಿ
1. ಗಂಡು ಪತಂಗದ ರೆಕ್ಕೆಯ ತುದಿಯಲ್ಲಿ ಏನಿದೆ?
2. ಬೆಳೆ ತಿನ್ನುವುದು ಪತಂಗವೋ ಮರಿಯೋ?
3. ಮರಿಯ ಬಾಲದ ಹತ್ತಿರ ಎಷ್ಟು ಚುಕ್ಕೆ ಇವೆ?

ಮಾಡಿ ನೋಡಿರಿ: ಇಂದು ರಾತ್ರಿ ದೀಪದ ಹತ್ತಿರ ಬಂದ ಒಂದು ಪತಂಗ ನೋಡಿರಿ. ಅದರ ಬಣ್ಣ, ಗೆರೆ, ಚುಕ್ಕೆ ಬರೆದುಕೊಳ್ಳಿರಿ. ನಾಳೆ ಕೇಂದ್ರದಲ್ಲಿ ಎಲ್ಲರಿಗೂ ಓದಿ ಹೇಳಿರಿ.